ಪದಚರ್ಚೆ: ಮರ ಸವರುವವನ ಬಿಲ್ಲಿನಲ್ಲಿ ‘ಹಗ್ಗದ ಪಾಲು’ ಎಂದು ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಜಾತ್ರೆಯ ನೋಟೀಸು, ಬಿಲ್ ಪುಸ್ತಕ ಎಲ್ಲ ಮಾಡುತ್ತೇನೆ. ಕನ್ನಡ, ಮಲೆಯಾಳ ಎರಡೂ ಬೇಕು ಎನ್ನುವವರೇ ಜಾಸ್ತಿ. ಕಾಸರಗೋಡಿನಲ್ಲಿ ಅಂಗಡಿ ಇಟ್ಟವನಿಗೆ ಇದು ದಿನನಿತ್ಯದ ಕೆಲಸ, ಹೊಸದೇನಲ್ಲ. ಆದರೆ ಹೋದ ವಾರ ಬಂದ ಒಂದು ಆರ್ಡರಿನಲ್ಲಿ ಒಂದೇ ಒಂದು ಕಾಲಂಗೆ, ಕೆಲಸದಲ್ಲಿ ಸಾಮಾನು ಸವೆಯುವ ಖರ್ಚಿನ ಕಾಲಂಗೆ, ಕನ್ನಡ ಹೆಸರು ಸಿಗದೆ ಕೂತಿದ್ದೇನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬಂದವನು ನಮ್ಮ ಪಕ್ಕದೂರಿನ ಹುಡುಗ. ಗಲ್ಫಿನಲ್ಲಿ ಕೆಲವು ವರ್ಷ ಎತ್ತರದ ಕಟ್ಟಡಗಳ ಗಾಜು ಒರೆಸುತ್ತಾ ಹಗ್ಗದಲ್ಲಿ ನೇತಾಡಿ ಬಂದವ. ಈಗ ಊರಿನಲ್ಲಿ ಅದೇ ಹಗ್ಗ, ಅದೇ ಸೊಂಟಪಟ್ಟಿ ಕಟ್ಟಿಕೊಂಡು ಹಲಸು, ಮಾವು, ಗೋಳಿಮರಗಳಲ್ಲಿ ನೇತಾಡುತ್ತಾನೆ. ಹಂಚಿನ ಮಾಡಿನ ಮೇಲೆ ಚಾಚಿಕೊಂಡ ಗೆಲ್ಲನ್ನು (ಕೊಂಬೆಯನ್ನು) ಒಂದು ಹಂಚೂ ಒಡೆಯದ ಹಾಗೆ ಕೆಳಗಿಳಿಸುವುದು ಅವನ ಕೆಲಸ. ಕ್ರೇನು ಬಾರದ ಓಣಿ, ಬಾವಿಕಟ್ಟೆಯ ಮೇಲಿನ ಮರ, ನಾಗಬನದ ಪಕ್ಕದ ಮರ, ಇಂಥ ಕಡೆಗೆಲ್ಲ ಅವನೇ ಬೇಕು. ಬ್ಯಾಂಕಿನಿಂದ ಸಾಲ ತೆಗೆಯಲು ಹೊರಟಿದ್ದಾನೆ. ಬಿಲ್ ಪುಸ್ತಕದ ಜೊತೆಗೆ ಸಾಮಾನು ಮತ್ತು ಖರ್ಚಿನ ಒಂದು ಪಟ್ಟಿಯೂ ಕನ್ನಡದಲ್ಲಿ ಬೇಕಂತೆ. ಅವನು ಕೊಟ್ಟ ಇಂಗ್ಲಿಷ್ ಪಟ್ಟಿ ಬ್ರಿಟನ್ನಿನ ಒಂದು ಅಂಗಡಿಯ ಕ್ಯಾಟಲಾಗಿನಂತಿತ್ತು.

ಮೊದಲ ತಕರಾರು ಉದ್ಯೋಗದ ಹೆಸರಿನದ್ದೇ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ‘ಟ್ರೀ ಸರ್ಜನ್’ ಎಂದಿದೆ. ಅದನ್ನು ನೋಡಿದ ಒಬ್ಬರು ಅಜ್ಜಿ, “ಡಾಕ್ಟ್ರೇ, ನಮ್ಮ ತೆಂಗಿನ ಮರಕ್ಕೆ ಇಂಜೆಕ್ಷನ್ ಕೊಡ್ತೀರಾ?” ಎಂದು ಕೇಳಿದರಂತೆ. ಅವರು ತಮಾಷೆಗೆ ಕೇಳಿದ್ದಲ್ಲ. ‘ವೃಕ್ಷ ಶಸ್ತ್ರಚಿಕಿತ್ಸಕ’ ಎಂದು ಬರೆದುಬಿಡಿ ಎಂದು ಒಬ್ಬರು ಮೇಷ್ಟ್ರು ನನಗೆ ಸಲಹೆ ಕೊಟ್ಟರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬಾಯಲ್ಲಿ ಹೊರಳುವುದಿಲ್ಲ ಎನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಜಾನ್ ಡೇವಿ ಮತ್ತು ಅವರ ದಾರಿ ಹಿಡಿದವರು ಮರದ ಪೊಟರೆಯನ್ನು ಹುಳುಕು ಹಲ್ಲಿನ ಹಾಗೆ ಕೆರೆದು ಸಿಮೆಂಟು ತುಂಬುತ್ತಿದ್ದರು. ‘ಸರ್ಜನ್’ ಎಂಬ ಮಾತಿಗೆ ಆಗ ಅರ್ಥವಿತ್ತು. ಆಮೇಲೆ ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ (1930–2006) ಮರಗಳನ್ನು ಗರಗಸದಲ್ಲಿ ಸೀಳಿ ಸೀಳಿ ನೋಡಿ ಹೇಳಿದ್ದು, ಮರದ ಗಾಯ ಗುಣವಾಗುವುದಿಲ್ಲ ಎಂದು. ಕೊಳೆತ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟುತ್ತದೆ, ಹೊರಗಿನಿಂದ ಹೊಸ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಇರುತ್ತದೆ. ಸಿಮೆಂಟು ಹೋಯಿತು, ಡಾಂಬರು ಬಳಿಯುವುದೂ ಹೋಯಿತು, ಹೆಸರು ಮಾತ್ರ ಉಳಿಯಿತು. ಅವರೇ ಬಿಟ್ಟ ಕಲ್ಪನೆಯನ್ನು ನಾವು ಹೊಸದಾಗಿ ಸಂಸ್ಕೃತಕ್ಕೆ ಹಾಕಿ ತಂದುಕೊಳ್ಳುವುದು ಯಾಕೆ?

ಇದರಿಂದ ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಮೈಯ ಗಾಯ ‘ಮಾಯುತ್ತದೆ’. ಮರದ ಗಾಯಕ್ಕೆ ಆ ಕ್ರಿಯಾಪದ ಸಲ್ಲುವುದಿಲ್ಲ ಎಂದು ನನಗೆ ಅನಿಸುತ್ತದೆ. ‘ಮುಚ್ಚಿತು’, ‘ಕೂಡಿತು’ ಎನ್ನಬಹುದೇನೋ. ತೋಟದಲ್ಲಿ ಕಸಿ ಕಟ್ಟುವವರು ಏನು ಹೇಳುತ್ತೀರಿ?

‘ಮರಗೆಲಸದವ’ ಎಂದರೆ ಆಚಾರಿ. ‘ಮರ ಕಡಿಯುವವ’ ಎಂದರೆ ಬುಡಕ್ಕೇ ಕೊಡಲಿ ಹಾಕುವವ. ಈ ಹುಡುಗನಿಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಕಡಿಯದೆ ಉಳಿಸುವುದಕ್ಕೇ ತಾನು ಮೇಲೆ ಹೋಗುವುದು ಎನ್ನುತ್ತಾನೆ. ಕರೆಂಟು ತಂತಿಗೆ ತಾಗುವ ಗೆಲ್ಲು ತೆಗೆಯುವುದಕ್ಕೆ ಇಲ್ಲಿ ಎಲ್ಲರೂ ‘ಟಚ್ಚಿಂಗ್ ಕಡಿಯುವುದು’ ಎನ್ನುತ್ತಾರೆ. ಅದು ಇಂಗ್ಲಿಷೂ ಅಲ್ಲ, ಮಲೆಯಾಳವೂ ಅಲ್ಲ, ಆದರೆ ಕೇಳಿದ ಕೂಡಲೆ ಅರ್ಥವಾಗುತ್ತದೆ. ಕೊನೆಗೆ ನಾನು ಹಾಕಿದ್ದು ‘ಗೆಲ್ಲು ಸವರುವವರು’. ಮೈಸೂರು ಕಡೆಯವರಿಗೆ ‘ಸವರು’ ಎಂದರೆ ತಲೆ ನೇವರಿಸುವುದು, ಎಣ್ಣೆ ಹಚ್ಚುವುದು ನೆನಪಾಗಬಹುದು. ನಮಗೆ ಬೇಲಿ ಸವರುವುದು, ಕಾಡು ಸವರುವುದು ಮಾಮೂಲು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು “ಕೌರವ ಸೈನ್ಯವನ್ನು ಸವರಿ ಹಾಕಿದೆ” ಎಂದಾಗ ಯಾರೂ ಎಣ್ಣೆ ಹಚ್ಚಿದ್ದು ಎಂದುಕೊಳ್ಳುವುದಿಲ್ಲ. ಒಂದೇ ಪದಕ್ಕೆ ಮುದ್ದಿಸುವುದು, ಕತ್ತರಿಸುವುದು ಎರಡೂ ಅರ್ಥ ಇರುವುದು ಈ ಕೆಲಸಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಆಕ್ಷೇಪ ಇದ್ದವರು ಹೇಳಿ.

ಸಾಮಾನಿನ ಹೆಸರುಗಳಲ್ಲಿ ನನಗೆ ಅಷ್ಟು ಕಷ್ಟವಾಗಲಿಲ್ಲ. ಯಾಕೆಂದರೆ ಅಡಿಕೆ ಮರ ಹತ್ತುವವರು, ಕಳ್ಳು ಇಳಿಸುವ ಮೂರ್ತೆಯವರು ಅರ್ಧ ಕೆಲಸ ಮೊದಲೇ ಮಾಡಿಟ್ಟಿದ್ದಾರೆ. ಕಾಲಿಗೆ ಹಾಕುವ ಬಳ್ಳಿಯ ಬಳೆಗೆ ‘ತಳೆ’ ಇದೆ, ಮಲೆಯಾಳದಲ್ಲಿ ‘ತಳಪ್ಪ್’. ‘ದೋಟಿ’ಯ ಕಥೆ ನೋಡಿ. ಬಿದಿರಿನ ಗಳುವಿನ ತುದಿಗೆ ಕತ್ತಿ ಕಟ್ಟಿದ್ದು ದೋಟಿ. ಕಾರ್ಬನ್ ಫೈಬರಿನದ್ದು ಬಂದಾಗ ಯಾವ ಸಮಿತಿಯೂ ಕೂರಲಿಲ್ಲ, ‘ಕಾರ್ಬನ್ ದೋಟಿ’ ಆಯಿತು. ನೆಲದಲ್ಲಿ ನಿಂತೇ ಅಡಿಕೆ ಕೊನೆ ಕೊಯ್ಯುತ್ತಾರೆ, ಬೋರ್ಡೋ ದ್ರಾವಣ ಹೊಡೆಯುತ್ತಾರೆ. (ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ತಂತಿಯ ಹತ್ತಿರ ಬಿದಿರೆಂದುಕೊಂಡು ಎತ್ತಬೇಡಿ.) ವಸ್ತು ಕೈಗೆ ಬಂದರೆ ಹೆಸರು ತಾನಾಗಿ ಬರುತ್ತದೆ ಎಂಬ ನನ್ನ ನಂಬಿಕೆಗೆ ಇದೇ ಆಧಾರ.

ಆದರೂ ಎರಡು ಮೂರು ಕಡೆ ಎಡವಿದೆ. ಹಗ್ಗವನ್ನು ಸೊಂಟಪಟ್ಟಿಗೆ ಸೇರಿಸುವ ಲೋಹದ ಬಳೆ ‘ಕ್ಯಾರಬೈನರ್’ಗೆ ‘ಕೊಕ್ಕೆ’ ಎಂದು ಬರೆದಿದ್ದೆ. ಹುಡುಗ ಹೊಡೆದು ಹಾಕಿದ. ಕೊಕ್ಕೆಗೆ ಬಾಯಿ ತೆರೆದಿರುತ್ತದೆ, ಇದಕ್ಕೆ ಬಾಯಿ ಮುಚ್ಚಿ ತಿರುಪು ಬೀಳಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದ. ‘ಕೊಂಡಿ’ ಎಂದು ತಿದ್ದಿದೆ. ಅದರ ಮೈಮೇಲೆ 22 ಕಿಲೋನ್ಯೂಟನ್ ಎಂದು ಕೆತ್ತಿರುತ್ತದೆ, ಅಂದರೆ ಸುಮಾರು 2,200 ಕಿಲೋ ತೂಕದ ಎಳೆತ. ಹಗ್ಗಕ್ಕೆ ಸುತ್ತಿ ಕಟ್ಟುವ, ಭಾರ ಬಿದ್ದರೆ ಕಚ್ಚಿ ಹಿಡಿದು ಭಾರ ತೆಗೆದರೆ ಜಾರುವ ಒಂದು ಗಂಟಿದೆ. ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ಪ್ರಕಟಿಸಿದ್ದು, ಅವರ ಹೆಸರಲ್ಲೇ ಕರೆಯುತ್ತಾರೆ. ‘ಜೀರುಗುಣಿಕೆ’ ಎನ್ನೋಣವೆಂದರೆ ಅದು ಕೊರಳಿಗೆ ಬೀಳುವ ಜಾತಿಯದ್ದು, ಎಳೆದಷ್ಟೂ ಬಿಗಿಯುತ್ತದೆ, ಕೈಯಲ್ಲಿ ತಳ್ಳಿದರೆ ಸರಿಯುವುದಿಲ್ಲ. ‘ಹಿಡಿಗಂಟು’ ಹೇಗೆ?

ಹಗ್ಗಗಳಿಗಂತೂ ಎರಡು ಹೆಸರು ಬೇಕೇ ಬೇಕು. ಮನುಷ್ಯ ನೇತಾಡುವ ಹಗ್ಗ ಬೇರೆ, ಕಡಿದ ಗೆಲ್ಲನ್ನು ಕಟ್ಟಿ ಇಳಿಸುವ ಹಗ್ಗ ಬೇರೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಯಾವತ್ತೂ ಬಳಸಬಾರದಂತೆ. ಗೆಲ್ಲು ಜಗ್ಗಿದ ಹಗ್ಗಕ್ಕೆ ಒಳಗೆ ಎಲ್ಲಿ ಪೆಟ್ಟಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ‘ಹತ್ತುಹಗ್ಗ’, ‘ಇಳಿಹಗ್ಗ’ ಎಂದು ಬರೆದೆ. ಇಳಿಹಗ್ಗ ಎಂದರೆ ತಾನು ಇಳಿಯುವ ಹಗ್ಗ ಎಂದು ಅವನ ಸಹಾಯಕನೇ ತಿಳಿದುಕೊಂಡ! ಈಗ ‘ಮೈಹಗ್ಗ’ ಮತ್ತು ‘ಗೆಲ್ಲುಹಗ್ಗ’ ಎಂದು ಇಟ್ಟಿದ್ದೇನೆ. ಮನೆಮಾತಿನಲ್ಲಿ ನಾವು ಹವ್ಯಕರು ಹಗ್ಗಕ್ಕೂ ‘ಬಳ್ಳಿ’ ಎನ್ನುವವರು, ‘ಮೈಬಳ್ಳಿ’ ಎಂದರೆ ಇನ್ನೂ ಚಂದ. ಆದರೆ ಬ್ಯಾಂಕಿನವರು ವೀಳ್ಯದ ಬಳ್ಳಿಗೆ ಸಾಲ ಕೇಳಿದ್ದು ಎಂದುಕೊಂಡಾರು.

ಈಗ ನಿಜವಾದ ತೊಡಕಿಗೆ ಬರುತ್ತೇನೆ.

ಅವನ ಇಂಗ್ಲಿಷ್ ಪಟ್ಟಿಯಲ್ಲಿ ಮೂರು ತಲೆಬರಹಗಳಿದ್ದವು. ಒಂದು ಉಪಕರಣ, ಒಂದು ಬಳಸಿ ಮುಗಿಯುವ ಸಾಮಗ್ರಿ, ಒಂದು ನಡೆಸುವ ಖರ್ಚು. ಯಂತ್ರದ ಗರಗಸ ಉಪಕರಣ, ಇದರಲ್ಲಿ ಗೊಂದಲವಿಲ್ಲ. ಪೆಟ್ರೋಲ್ ಮುಗಿಯುವುದು. ಒಂದು ಲೀಟರಿಗೆ 20 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ ಸೇರಿಸಬೇಕು. (ಇದನ್ನು ‘ಬೆರಕೆ ಪೆಟ್ರೋಲ್’ ಎಂದು ಟೈಪ್ ಮಾಡಿದ್ದೆ. ಪಂಪಿನವನು ಮೋಸ ಮಾಡಿದ ಹಾಗೆ ಕಾಣುತ್ತದೆ ಎಂದು ಹುಡುಗ ನಕ್ಕ. ‘ಎಣ್ಣೆ ಹಾಕಿದ ಪೆಟ್ರೋಲ್’ ಆಯಿತು.) ಗರಗಸದ ಹಲ್ಲಿನ ಚೈನು ಓಡುವ ಪಟ್ಟಿಗೆ ಬೇರೆಯೇ ಎಣ್ಣೆ. ಆ ಖರ್ಚು ಉಳಿಸಲು ಕೆಲವರು ಗ್ಯಾರೇಜಿನಲ್ಲಿ ಬಳಸಿ ಬಿಟ್ಟ ‘ಕರಿ ಓಯಿಲು’ ಹಾಕುತ್ತಾರೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಪಟ್ಟಿಯನ್ನೂ ತಿನ್ನುತ್ತದೆ, ಉಳಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ.

ಹಾಗಾದರೆ ಚೈನು ಯಾವ ಕಾಲಂಗೆ? ಅದು ಪೆಟ್ರೋಲಿನ ಹಾಗೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಯಂತ್ರದ ಹಾಗೆ ವರ್ಷಗಟ್ಟಲೆ ಇರುವುದೂ ಇಲ್ಲ. ಪ್ರತಿಸಲ ಅರ ಹಾಕಿದಾಗ ಹಲ್ಲು ಒಂಚೂರು ಸಣ್ಣದಾಗುತ್ತದೆ. ಹಲ್ಲಿನ ಮೇಲೆ ಒಂದು ಗೆರೆ ಇರುತ್ತದೆ, ಅಲ್ಲಿಯವರೆಗೆ ಸವೆದರೆ ಎಸೆಯಬೇಕು. ಸಣ್ಣ ಯಂತ್ರದ ಚೈನಿಗೆ ಹೆಚ್ಚಾಗಿ 4 ಮಿಲಿಮೀಟರಿನ ದುಂಡು ಅರ ಬೇಕು, ಚೈನನ್ನು ಸವೆಸುತ್ತಾ ಆ ಅರವೂ ಸವೆಯುತ್ತದೆ. ನಮ್ಮ ಹಲಸಿನ ಮರಗಳಲ್ಲಿ ಇನ್ನೊಂದು ಗ್ರಹಚಾರ. ಯಾವ ಕಾಲದಲ್ಲೋ ಬಟ್ಟೆ ಒಣಗಿಸಲು ಹೊಡೆದ ಮೊಳೆ, ಬೇಲಿಯ ತಂತಿ ಎಲ್ಲ ಒಳಗೆ ಸೇರಿಕೊಂಡಿರುತ್ತದೆ. ಒಂದು ಮೊಳೆ ಸಿಕ್ಕಿದರೆ ಅವತ್ತಿನ ಹರಿತ ಮುಗಿಯಿತು.

ಹಗ್ಗವೂ ಹಾಗೆಯೇ. ಬ್ರಿಟನ್ನಿನಲ್ಲಿ 1998ರ ನಿಯಮದ ಪ್ರಕಾರ ಮನುಷ್ಯರನ್ನು ಎತ್ತುವ ಹಗ್ಗ, ಪಟ್ಟಿ, ಕೊಂಡಿಗಳನ್ನು ಆರು ತಿಂಗಳಿಗೊಮ್ಮೆ ತಿಳಿದವರು ಪರೀಕ್ಷೆ ಮಾಡಬೇಕಂತೆ. ನಮ್ಮ ಹುಡುಗನಿಗೆ ಗಲ್ಫಿನಲ್ಲಿ ಅಂಥ ಶಿಸ್ತು ಅಭ್ಯಾಸವಾಗಿದೆ. ಮೈಹಗ್ಗಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಾನೆ, ಯಾವ ದಿನ ಯಾವ ಮರ ಎಂದು ಬರೆಯುತ್ತಾನೆ. ಹಲಸಿನ ಮೇಣ ಮೆತ್ತಿದರೆ ತೊಳೆಯಬೇಕು, ಗರಗಸ ತಾಗಿದರೆ ಆ ಕ್ಷಣಕ್ಕೇ ಕತ್ತರಿಸಿ ಹಾಕಬೇಕು. ಎಷ್ಟೇ ಬೆಲೆ ಕೊಟ್ಟು ತಂದದ್ದಾಗಲಿ, ಅನುಮಾನ ಬಂದ ದಿನ ಅದು ಹಸು ಕಟ್ಟುವ ಹಗ್ಗ. ಲೆಕ್ಕಕ್ಕೆ ಹೇಳುವುದಾದರೆ, 12,000 ರೂಪಾಯಿಯ ಹಗ್ಗದಲ್ಲಿ 200 ಮರ ಹತ್ತಿದರೆ ಒಂದೊಂದು ಮರಕ್ಕೂ 60 ರೂಪಾಯಿಯಷ್ಟು ಹಗ್ಗ ಖರ್ಚಾಯಿತು. ಮನೆಯ ಯಜಮಾನರಿಗೆ ಆ 60 ಕಾಣುವುದಿಲ್ಲ. “ಪೆಟ್ರೋಲಿಗೆ ಕೊಡ್ತೇನೆ, ಆಳಿಗೆ ಕೊಡ್ತೇನೆ, ಬಾಕಿ ಎಂತಕ್ಕೆ ಮಾರಾಯ?” ಎಂದು ಕೇಳುತ್ತಾರೆ. ಬಿಲ್ಲಿನಲ್ಲಿ ಅದನ್ನೊಂದು ಸಾಲಾಗಿ ಕಾಣಿಸಬೇಕು ಎನ್ನುವುದು ಹುಡುಗನ ಆಸೆ. ಆ ಸಾಲಿಗೆ ಹೆಸರೇನು?

ಲೆಕ್ಕಪತ್ರದ ಕನ್ನಡದಲ್ಲಿ ‘ಸವಕಳಿ’ ಇದೆ, ತಪ್ಪಿಲ್ಲದ ಪದ. ಪ್ರೂಫ್ ತೋರಿಸಿದಾಗ ಒಬ್ಬರು ಗಿರಾಕಿ, “ಇದು ಮಣ್ಣು ಕೊಚ್ಚಿಹೋಗುವುದಕ್ಕೆ ಹೇಳುವುದಲ್ವಾ? ನನ್ನ ತೋಟದಲ್ಲಿ ಮಣ್ಣು ಹೋದರೆ ಇವನಿಗೆ ಯಾಕೆ ಕೊಡುವುದು?” ಎಂದರು. ಶಾಲೆಯ ಪುಸ್ತಕದ ‘ಮಣ್ಣಿನ ಸವಕಳಿ’ ಅಷ್ಟು ಗಟ್ಟಿಯಾಗಿ ಕೂತಿದೆ. ಮಲೆಯಾಳದ ಬದಿಗೆ ‘ತೇಯ್ಮಾನಂ’ ಎಂದು ಹಾಕಿದೆ, ಅಲ್ಲಿ ಯಾರದ್ದೂ ತಕರಾರಿಲ್ಲ. ಅದರ ತಂಗಿಯಂತಿರುವ ‘ತೇಮಾನು’ ಕನ್ನಡದಲ್ಲೂ ಉಂಟು. ಆದರೆ ನಮ್ಮವರಿಗೆ ತೇಮಾನು ಎಂದರೆ ಹಳೆ ಬಳೆ ಕೊಟ್ಟಾಗ ಅಕ್ಕಸಾಲಿಗ ಕಳೆಯುವ ತೂಕ. ಆ ಪದ ಕೇಳಿದರೆ ಮೊದಲು ಬರುವುದೇ ಸಂಶಯ. ಬಿಲ್ಲಿನಲ್ಲಿ ಸಂಶಯ ಹುಟ್ಟಿಸುವ ಪದ ಬೇಡ. ‘ಓಡುವ ಖರ್ಚು’ ಎಂದರೆ ಆಟೋದ್ದು, ‘ನಿರ್ವಹಣಾ ವೆಚ್ಚ’ ಎಂದರೆ ಪಂಚಾಯತಿನದ್ದು. ‘ಮೇಲುಖರ್ಚು’ ಎಂದರೆ ಚಾ-ತಿಂಡಿ.

ಹೀಗೆ ಯೋಚಿಸುತ್ತಾ ಇದ್ದಾಗ ಹೊಳೆದದ್ದು ಕಡಲ ಬದಿಯ ಲೆಕ್ಕ. ಕುಂಬಳೆ, ಮಂಜೇಶ್ವರದ ಕಡೆ ಮೀನು ಹಿಡಿದು ಬಂದ ಮೇಲೆ ಹಣ ಹಂಚುವಾಗ ದುಡಿದವರಿಗೆ ಪಾಲು, ಜೊತೆಗೆ ದೋಣಿಗೆ ಪಾಲು, ಬಲೆಗೆ ಪಾಲು. ಬಲೆ ಹರಿಯುತ್ತದೆ, ಅದಕ್ಕೂ ಹೊಟ್ಟೆ ಉಂಟು ಎಂದು ಎಲ್ಲರಿಗೂ ಗೊತ್ತು, ಯಾರೂ ಚೌಕಾಸಿ ಮಾಡುವುದಿಲ್ಲ. ಹಾಗಾದರೆ ಮರ ಸವರುವವನ ಬಿಲ್ಲಿನಲ್ಲಿ ‘ಆಳಿನ ಸಂಬಳ’, ‘ಎಣ್ಣೆ-ಪೆಟ್ರೋಲ್’, ಅದರ ಕೆಳಗೆ ‘ಹಗ್ಗದ ಪಾಲು’ ಎಂದು ಬರೆದರೆ? ಚೈನು, ಅರ, ಸೊಂಟಪಟ್ಟಿ, ಕೊಂಡಿ ಎಲ್ಲವೂ ಹಗ್ಗದ ಹೆಸರಿನಲ್ಲೇ ಬರಲಿ. ಅವನ ಕೆಲಸದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಗ್ಗವೇ ತಾನೆ? ಬ್ಯಾಂಕಿನ ಪಟ್ಟಿಯಲ್ಲಿ ಬೇಕಾದರೆ ‘ಸವಕಳಿ’ ಎಂದೇ ಇಡೋಣ, ಅಲ್ಲಿ ಓದುವವರು ಬೇರೆ.

ಅಂಗಡಿಗೆ ಬಂದ ಇಬ್ಬರಿಗೆ ‘ಹಗ್ಗದ ಪಾಲು’ ಓದಿಸಿದೆ. ಒಬ್ಬರು ಏನೂ ಕೇಳದೆ ತಲೆಯಾಡಿಸಿದರು. ಇನ್ನೊಬ್ಬರು “ಪಾಲು ಎಂದರೆ ಕಡಿದ ಸೌದೆಯಲ್ಲೂ ಅವನಿಗೆ ಉಂಟಾ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಅರ್ಥವಿದೆ. ಕೆಲವು ಕಡೆ ಸೌದೆ ಬಿಟ್ಟುಕೊಟ್ಟು ಕೂಲಿ ಕಡಿಮೆ ಮಾಡುವ ಕ್ರಮ ಇದ್ದೇ ಇದೆ. ‘ಹಗ್ಗದ ಬಾಡಿಗೆ’ ಎಂದರೆ ಈ ಗೊಂದಲ ತಪ್ಪುತ್ತದೆ. ಆದರೆ ಬಾಡಿಗೆ ಎಂದರೆ ಹಗ್ಗ ಇನ್ನೊಬ್ಬರದ್ದು ಎಂದಾಗುತ್ತದೆ.

ಶಿರಸಿ, ಸಾಗರದ ಕಡೆ ಅಡಿಕೆ ಕೊಯ್ಯುವ ಕೊನೆಗೌಡರು ಗುತ್ತಿಗೆ ಮಾತಾಡುವಾಗ ತಳೆ, ಹಗ್ಗದ ಖರ್ಚಿಗೆ ಬೇರೆ ಮಾತು ಬಳಸುತ್ತಾರೆಯೇ? ಸುಳ್ಯ, ಪುತ್ತೂರಿನ ಪಿಕಪ್‌ನವರು ಟಯರು ಸವೆದದ್ದನ್ನು ಬಾಡಿಗೆಯಲ್ಲಿ ಸೇರಿಸುವಾಗ ಏನೆನ್ನುತ್ತಾರೆ? ಉಡುಪಿ ಕಡೆಯ ಮೀನುಗಾರರಲ್ಲಿ ಬಲೆಯ ಪಾಲಿಗೆ ಒಂದೇ ಪದದ ಹೆಸರಿದ್ದರೆ ಅದೂ ಬೇಕು. ಬಿಲ್ ಪುಸ್ತಕ ಶನಿವಾರ ಅಚ್ಚಿಗೆ ಹೋಗಬೇಕು. ಮಲೆಯಾಳದ ಕಾಲಂ ತುಂಬಿದೆ, ಕನ್ನಡದ್ದು ಖಾಲಿ.