ಎಕ್ಸ್‌ಟೆನ್ಶನ್‌ಗೆ ನಾನೇ ಬರೆದ ಪ್ಲಾನ್ ವಾಪಸ್ ಬಂತು, ಎಲ್ಲಿ ತಪ್ಪಾಯ್ತು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಬದಿಯ ಗೋಡೆ ಪಕ್ಕದ ಮನೆಗೂ ನಮಗೂ ಒಂದೇ. ಅಡುಗೆಮನೆ ತುಂಬಾ ಇಕ್ಕಟ್ಟು. ಅದಕ್ಕೆ ಹಿತ್ತಿಲ ಕಡೆ 4 ಮೀಟರ್ ಉದ್ದಕ್ಕೆ, ಒಂದೇ ಅಂತಸ್ತಿನ ಎಕ್ಸ್‌ಟೆನ್ಶನ್ ಹಾಕಿಸೋಣ ಅಂತಿದ್ದೇವೆ. ಪ್ಲಾನ್ ನಾನೇ ಕಂಪ್ಯೂಟರಿನಲ್ಲಿ ಬರೆದೆ. ಅನುಮತಿ ಕೇಳುವ ಹೌಸ್‌ಹೋಲ್ಡರ್ ಅರ್ಜಿಯನ್ನೂ ನಾನೇ ಹಾಕಿದೆ. ಈಗ ಕೌನ್ಸಿಲ್‌ನಿಂದ (ಇಲ್ಲಿನ ಸ್ಥಳೀಯ ಆಡಳಿತ) ಅರ್ಜಿ ಇನ್‌ವ್ಯಾಲಿಡ್ ಅಂತ ಪತ್ರ ಬಂದಿದೆ. ಲೊಕೇಶನ್ ಪ್ಲಾನ್ ಸರಿ ಇಲ್ಲ, ಈಗಿರುವ ಮನೆಯ ಎಲಿವೇಶನ್ (ಹೊರಗೋಡೆಯನ್ನು ನೇರವಾಗಿ ನೋಡಿದಂತೆ ಬರೆದ ಚಿತ್ರ) ಇಲ್ಲ, ನಕ್ಷೆ ಸ್ಕೇಲ್‌ಗೆ ಇಲ್ಲ ಅಂತ ಬರೆದಿದ್ದಾರೆ. ಪ್ಲಾನ್ ಚಿತ್ರಗಳನ್ನು ಇಲ್ಲೇ ಹಾಕಿದ್ದೇನೆ. ಆರ್ಕಿಟೆಕ್ಟ್ ಹತ್ತಿರಾನೇ ಹೋಗಬೇಕಾ, ನಾನೇ ಸರಿ ಮಾಡಬಹುದಾ? ಈ ಕೆಲಸ ಮಾಡುವವರು ಯಾರಾದರೂ ದಯವಿಟ್ಟು ಹೇಳಿ.

ಉತ್ತರ: ಮೇಡಂ, ಮೊದಲು ಸಮಾಧಾನ ಮಾಡ್ಕೊಳ್ಳಿ. ಇನ್‌ವ್ಯಾಲಿಡ್ ಅಂದರೆ ಅನುಮತಿ ಇಲ್ಲ ಅಂತಲ್ಲ. ನಿಮ್ಮ ಫೈಲನ್ನು ಅವರು ಇನ್ನೂ ಕೈಗೆತ್ತಿಕೊಂಡಿಲ್ಲ, ಅಷ್ಟೇ. ಕೇಳಿದ್ದನ್ನು ಕೊಟ್ಟು ಅರ್ಜಿ ವ್ಯಾಲಿಡ್ ಆದ ಮೇಲೆ ತೀರ್ಮಾನ ಹೇಳಲು ಅವರಿಗಿರುವ 8 ವಾರದ ಲೆಕ್ಕ ಶುರುವಾಗುತ್ತದೆ. ಆರ್ಕಿಟೆಕ್ಟೇ ಬರೆಯಬೇಕು ಅಂತ ಕಾನೂನೂ ಇಲ್ಲ. ಮನೆಯವರೇ ಬರೆದು ಅನುಮತಿ ಪಡೆದದ್ದು ಬೇಕಾದಷ್ಟಿದೆ.

ನಿಮ್ಮ ಚಿತ್ರಗಳನ್ನು ನೋಡಿದೆ. ಹೊಸ ಅಡುಗೆಮನೆಯನ್ನು ಅಕ್ಕರೆಯಿಂದ ಬರೆದಿದ್ದೀರಿ. ಸಿಂಕು, ಒಲೆ, ಊಟದ ಮೇಜು, ಕುರ್ಚಿ ಎಲ್ಲ ಇದೆ. ಆದರೆ ಪ್ಲಾನಿಂಗ್ ಆಫೀಸರ್ ನೋಡುವುದು ಅದನ್ನಲ್ಲ. ಅವರು ನಿಮ್ಮ ಮನೆಯನ್ನು ಯಾವತ್ತೂ ನೋಡಿಲ್ಲ. ಈಗ ಅಲ್ಲಿ ಏನಿದೆ, ಮುಂದೆ ಏನು ಬರುತ್ತೆ, ಪಕ್ಕದ ಮನೆಗೆ ಅದು ಎಷ್ಟು ಹತ್ತಿರ, ಎಷ್ಟು ಎತ್ತರ, ಇಷ್ಟನ್ನೂ ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆಯಲು ಅವರಿಗೆ ಆಗಬೇಕು.

ಲೊಕೇಶನ್ ಪ್ಲಾನ್‌ಗೆ ಗೂಗಲ್ ಮ್ಯಾಪ್‌ನ ಸ್ಕ್ರೀನ್‌ಶಾಟ್ ಹಾಕಿದ್ದೀರಿ, ಅದು ನಡೆಯಲ್ಲ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆ ನಕ್ಷೆಯ ಲೈಸೆನ್ಸ್ ಇರುವ ಪ್ರತಿಯನ್ನೇ ಆನ್‌ಲೈನಲ್ಲಿ ಕೊಂಡುಕೊಳ್ಳಿ. ಮನೆಗಳಿಗೆ ಸಾಮಾನ್ಯವಾಗಿ 1:1250 ಸ್ಕೇಲ್. ಉತ್ತರ ದಿಕ್ಕಿನ ಗುರುತು, ಹೆಸರಿರುವ ಎರಡು ರಸ್ತೆಯಾದರೂ ಅದರಲ್ಲಿ ಕಾಣಬೇಕು. ಕೆಂಪು ಗೆರೆಯನ್ನು ಎಕ್ಸ್‌ಟೆನ್ಶನ್ ಸುತ್ತ ಮಾತ್ರ ಎಳೆದಿದ್ದೀರಿ. ಅದು ನಿಮ್ಮ ಇಡೀ ಜಾಗದ ಸುತ್ತ ಬರಬೇಕು, ರಸ್ತೆಗೆ ಸೇರುವ ದಾರಿಯೂ ಒಳಗೆ ಬರಬೇಕು. ಅಕ್ಕಪಕ್ಕದಲ್ಲಿ ನಿಮ್ಮದೇ ಬೇರೆ ಜಾಗ ಇದ್ದರೆ ಅದಕ್ಕೆ ನೀಲಿ ಗೆರೆ. ಗೆರೆ ಸಣ್ಣಗಿರಲಿ. 1:1250ರಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 1.25 ಮೀಟರ್. ದಪ್ಪ ಮಾರ್ಕರ್‌ನಲ್ಲಿ ಎಳೆದರೆ ಪಕ್ಕದವರ ಹೂವಿನ ಪಾತಿಯೂ ನಿಮ್ಮ ಅರ್ಜಿಯೊಳಗೆ ಸೇರಿಬಿಡುತ್ತೆ. ಇದರ ಜೊತೆ 1:500 ಅಥವಾ 1:200ರಲ್ಲಿ ನಿಮ್ಮ ಜಾಗವನ್ನಷ್ಟೇ ದೊಡ್ಡದಾಗಿ ತೋರಿಸುವ ಒಂದು ಬ್ಲಾಕ್ ಪ್ಲಾನ್ ಕೊಡಿ. ಎಕ್ಸ್‌ಟೆನ್ಶನ್‌ನಿಂದ ಬೇಲಿಗೆ ಎಷ್ಟು ದೂರ ಅನ್ನೋದನ್ನು ಅದರ ಮೇಲೇ ಬರೆಯಿರಿ.

ಇನ್ನು ಈಗಿರುವ ಮನೆಯ ನಕ್ಷೆ. ಎಲ್ಲರೂ ಇದನ್ನೇ ಬಿಡ್ತಾರೆ. ನನಗಂತೂ ಅರ್ಧ ಕೆಲಸ ಇದೇ. ಮನೆ ಮುಂದೆಯೇ ಇದೆಯಲ್ಲ, ಅದನ್ನೇಕೆ ಬರೆಯಬೇಕು ಅನಿಸುತ್ತೆ. ಆದರೆ ಹಳೆಯದು ಕಾಗದದ ಮೇಲೆ ಇಲ್ಲದೆ ಹೊಸದರಿಂದ ಏನು ಬದಲಾಯ್ತು ಅಂತ ಹೇಗೆ ಗೊತ್ತಾಗಬೇಕು? ಬದಲಾಗುವ ಪ್ರತಿ ಬದಿಯ ಎಲಿವೇಶನ್ನೂ ಎರಡೆರಡು ಬೇಕು: ಈಗಿನದು, ಮುಂದಿನದು. ಫ್ಲೋರ್ ಪ್ಲಾನ್ ಕೂಡ ಹಾಗೇ. 1:100 ಅಥವಾ 1:50ರಲ್ಲಿ ಬರೆಯಿರಿ.

ಅಳೆಯುವಾಗ ತುಂಡು ತುಂಡಾಗಿ ಅಳೆದು ಕೂಡಿಸಬೇಡಿ. ಟೇಪನ್ನು ಒಂದು ಮೂಲೆಯಲ್ಲಿ ಹಿಡಿದು ಪೂರ್ತಿ ಎಳೆಯಿರಿ. ಕಿಟಕಿ ಎಲ್ಲಿ ಶುರು, ಎಲ್ಲಿ ಮುಗೀತು, ಬಾಗಿಲು ಎಲ್ಲಿ ಅಂತ ಅದೇ ಟೇಪಿನ ಮೇಲೆ ಓದಿ ಬರೆದುಕೊಳ್ಳಿ. ತಪ್ಪುಗಳು ಒಂದರ ಮೇಲೊಂದು ಸೇರಲ್ಲ. ಪ್ರತಿ ಕೋಣೆಯ ಎರಡೂ ಕರ್ಣ ಅಳೆಯಿರಿ. ಹಳೇ ಮನೆಗಳಲ್ಲಿ ಮೂಲೆಮಟ್ಟ ಸರಿಯಾಗಿರುವ ಕೋಣೆ ಸಿಗೋದು ಅಪರೂಪ. ಗೋಡೆಯ ದಪ್ಪ ಬಾಗಿಲ ಸಂದಿನಲ್ಲಿ ಸಿಗುತ್ತೆ.

ಎತ್ತರಕ್ಕೆ ಏಣಿ ಹತ್ತಬೇಕಾಗಿಲ್ಲ. ಇಟ್ಟಿಗೆಯ ವರಸೆ ಎಣಿಸಿ. ಈಗಿನ ಇಂಗ್ಲಿಷ್ ಇಟ್ಟಿಗೆ 65 ಮಿಲಿಮೀಟರ್, ಗಾರೆ 10, ಒಟ್ಟು ಒಂದು ವರಸೆಗೆ 75. ನಾಲ್ಕು ವರಸೆಗೆ 300. ಹಳೇ ಮನೆಯ ಇಟ್ಟಿಗೆ ಸ್ವಲ್ಪ ದೊಡ್ಡದು. ಹಾಗಾಗಿ ಕೈಗೆ ಸಿಗುವ ಕಡೆ ಹತ್ತು ವರಸೆಯನ್ನು ಟೇಪಿನಲ್ಲಿ ಅಳೆದು, ಸೂರಿನವರೆಗೆ ಫೋಟೋ ತೆಗೆದು, ಫೋಟೋದಲ್ಲಿ ನಿಧಾನಕ್ಕೆ ಎಣಿಸಿ. ನಾನು ಇವತ್ತಿಗೂ ಹೀಗೇ ಮಾಡೋದು. ಗಾರೆ ಮೆತ್ತಿ ಬಣ್ಣ ಬಳಿದ ಗೋಡೆಯಾದರೆ ಮಾತ್ರ ಬೇರೆ ದಾರಿ ನೋಡಬೇಕು.

ಪಕ್ಕದ ಮನೆಯನ್ನೂ ನಕ್ಷೆಯಲ್ಲಿ ತೋರಿಸಿ. ಅವರ ಹಿಂದಿನ ಗೋಡೆ, ಹತ್ತಿರದ ಕಿಟಕಿ, ಎಕ್ಸ್‌ಟೆನ್ಶನ್ ಇದ್ದರೆ ಅದೂ ಬರಲಿ. ಕೆಲಸಕ್ಕೆ ಹೊಸಬನಾಗಿದ್ದಾಗ ನಾನು ಪಕ್ಕದವರ ಊಟದ ಕೋಣೆಯ ಕಿಟಕಿಯನ್ನೇ ಬರೆದಿರಲಿಲ್ಲ. ಆಫೀಸರ್ ಜಾಗಕ್ಕೆ ಬಂದು ನೋಡಿದರು, ಗೋಡೆಯನ್ನು ಒಳಕ್ಕೆ ತರಿಸಿದರು. ನನ್ನಿಂದ ನಕ್ಷೆ ಬರೆಸಿದ್ದ ಮನೆಯವರಿಗೆ ಆದ ಬೇಸರ ನನಗೆ ಇನ್ನೂ ನೆನಪಿದೆ. ಅನೇಕ ಕೌನ್ಸಿಲ್‌ಗಳು ಪಕ್ಕದವರ ಬೆಳಕು ತಪ್ಪದಿರಲಿ ಅಂತ ಅಂಥ ಕಿಟಕಿಯಿಂದ 45 ಡಿಗ್ರಿ ಗೆರೆ ಎಳೆದು, ನಿಮ್ಮ ಗೋಡೆ ಅದನ್ನು ದಾಟುತ್ತಾ ಅಂತ ನೋಡುತ್ತವೆ. ಆ ಗೆರೆಯನ್ನು ನೀವೇ ಮೊದಲು ಎಳೆದು ನೋಡಿ. ದಾಟುತ್ತಿದ್ದರೆ ಈಗಲೇ ಬದಲಾಯಿಸುವುದು ಸುಲಭ ಅಲ್ವಾ?

ನೀವು ಕೇಳದ ಒಂದು ವಿಷಯ. ಅರ್ಜಿಯಲ್ಲಿ ಸರ್ಟಿಫಿಕೇಟ್ ಎ ಕೊಟ್ಟಿದ್ದೀರಿ, ಅಂದರೆ ಜಾಗ ಪೂರ್ತಿ ನಿಮ್ಮದು ಅಂತ. ಆದರೆ ನಿಮ್ಮ ಎಲಿವೇಶನ್‌ನಲ್ಲಿ ಮಳೆನೀರಿನ ಗಟರ್ ಬೇಲಿ ಗೆರೆಯ ಆಚೆ ಚಾಚಿದೆ. ಗಟರ್ ಆಗಲಿ, ನೆಲದೊಳಗಿನ ಪಾಯ ಆಗಲಿ ಪಕ್ಕದವರ ಜಾಗಕ್ಕೆ ಹೋದರೆ, ಅವರಿಗೆ ನೋಟಿಸ್ ಕೊಟ್ಟು ಸರ್ಟಿಫಿಕೇಟ್ ಬಿ ಹಾಕಬೇಕು. ಅದಕ್ಕಿಂತ ಗೋಡೆಯನ್ನು ಸ್ವಲ್ಪ ಈಚೆಗೆ ತಂದುಬಿಡಿ.

ಇನ್ನೊಬ್ಬ ಸದಸ್ಯರು: ಸರ್, ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ಸೆಮಿ ಡಿಟ್ಯಾಚ್ಡ್ ಮನೆಗೆ 6 ಮೀಟರ್‌ವರೆಗೆ ಪ್ಲಾನಿಂಗ್ ಪರ್ಮಿಷನ್ನೇ ಬೇಡ ಅಂತ ಕೇಳಿದ್ದೆ. ಹಾಗಾದರೆ ಇಷ್ಟೆಲ್ಲ ಯಾಕೆ?

ಉತ್ತರ: ಒಳ್ಳೇ ಪ್ರಶ್ನೆ. ಪರ್ಮಿಟೆಡ್ ಡೆವಲಪ್‌ಮೆಂಟ್ ಅಂದರೆ ಪ್ಲಾನಿಂಗ್ ಅರ್ಜಿ ಇಲ್ಲದೆ ಕಟ್ಟುವ ಹಕ್ಕು. ಅದರಲ್ಲಿ ಸೆಮಿಗೆ 3 ಮೀಟರ್, ಡಿಟ್ಯಾಚ್ಡ್‌ಗೆ 4 ಮೀಟರ್ ನೇರವಾಗಿ ಕಟ್ಟಬಹುದು. 6 ಮತ್ತು 8 ಮೀಟರ್ ಅನ್ನೋದು ಪ್ರಯರ್ ಅಪ್ರೂವಲ್ ದಾರಿ, ಅಂದರೆ ಕಟ್ಟುವ ಮುಂಚೆ ಕೌನ್ಸಿಲ್‌ಗೆ ತಿಳಿಸಿ ಕಾಯಬೇಕು. ಅಲ್ಲಿ ಕೌನ್ಸಿಲ್ ಪಕ್ಕದವರಿಗೆ ತಿಳಿಸುತ್ತೆ, 42 ದಿನದ ಗಡುವು ಇರುತ್ತೆ. ಉತ್ತರ ಬರುವ ಅಥವಾ ಆ ಗಡುವು ಮುಗಿಯುವ ಮುಂಚೆ ಕೆಲಸ ಶುರು ಮಾಡುವ ಹಾಗಿಲ್ಲ. ಅಳತೆಯನ್ನು ಮೂಲ ಮನೆಯ ಹಿಂದಿನ ಗೋಡೆಯಿಂದ ಹಿಡಿಯಬೇಕು. ಮೂಲ ಮನೆ ಅಂದರೆ 1948ರ ಜುಲೈ 1ರಂದು ಇದ್ದದ್ದು, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದ ರೂಪ. ಹಿಂದಿನ ಮಾಲೀಕರು ಆಗಲೇ 2 ಮೀಟರ್ ಸೇರಿಸಿದ್ದು, ನೀವು ಅದಕ್ಕೆ ಹೊಂದಿಸಿ ಕಟ್ಟಿದರೆ ಅದೂ ಲೆಕ್ಕಕ್ಕೆ ಬರುತ್ತೆ. ಬೇಲಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಸೂರು 3 ಮೀಟರ್ ಮೀರಬಾರದು. ಕನ್ಸರ್ವೇಶನ್ ಏರಿಯಾದಲ್ಲಿ (ಸಂರಕ್ಷಿತ ಪ್ರದೇಶ) ಈ 6 ಮೀಟರ್ ದಾರಿ ಇಲ್ಲ. ಕೆಲವು ಹೊಸ ಬಡಾವಣೆಗಳಲ್ಲಿ ಮೊದಲ ಅನುಮತಿಯಲ್ಲೇ ಈ ಹಕ್ಕನ್ನು ತೆಗೆದಿರುತ್ತಾರೆ, ಆ ಪತ್ರವನ್ನು ಓದಲೇಬೇಕು.

ಮೇಡಂ ಅವರ ಚಾವಣಿಯ ಸೂರು 3.2 ಮೀಟರ್ ಇದೆ, ಬೇಲಿಗೆ ಅಂಟಿಕೊಂಡೇ ಇದೆ. ಅದನ್ನು ಹಾಗೇ ಉಳಿಸಿಕೊಳ್ಳಬೇಕಾದರೆ ಪೂರ್ತಿ ಅರ್ಜಿಯೇ ಸರಿ. ಯಾವ ದಾರಿಯಲ್ಲಿ ಹೋದರೂ ಕಟ್ಟುವ ಗುಣಮಟ್ಟ ನೋಡುವ ಬಿಲ್ಡಿಂಗ್ ರೆಗ್ಯುಲೇಶನ್ಸ್ ಬೇರೆ, ಹಂಚಿಕೊಂಡ ಗೋಡೆ ಅಥವಾ ಗಡಿಯ ಕೆಲಸದ ಬಗ್ಗೆ ಪಕ್ಕದವರಿಗೆ ಕೊಡುವ ಪಾರ್ಟಿ ವಾಲ್ ನೋಟಿಸ್ ಬೇರೆ. ಈ ಪ್ಲಾನ್‌ನಿಂದ ಅವು ಮುಗಿಯಲ್ಲ.

ಪ್ರಶ್ನೆ ಕೇಳಿದವರು: ಸರ್, ತುಂಬಾ ಥ್ಯಾಂಕ್ಸ್. ಗಟರ್ ವಿಷಯ ಗೊತ್ತೇ ಇರಲಿಲ್ಲ. ಒಂದು ಮಾತ್ರ ಅರ್ಥ ಆಗಲಿಲ್ಲ. ನಾನು 1:100ರಲ್ಲೇ ಬರೆದದ್ದು, ಹಾಳೆ ಮೇಲೂ ಹಾಗೇ ಬರೆದಿದ್ದೆ. ಸ್ಕೇಲ್‌ಗೆ ಇಲ್ಲ ಅಂತ ಯಾಕೆ ಹೇಳಿದರು?

ಉತ್ತರ: ಕಳಿಸಿದ ಪಿಡಿಎಫ್ ಅನ್ನು ಅಸಲಿ ಸೈಜಿನಲ್ಲಿ ಪ್ರಿಂಟ್ ಮಾಡಿ. ಎಕ್ಸ್‌ಟೆನ್ಶನ್‌ನ 4 ಮೀಟರ್ ಗೋಡೆಗೆ ಸ್ಕೇಲ್ ಇಡಿ. ಎಷ್ಟು ಬರುತ್ತೆ ಹೇಳಿ.

ಪ್ರಶ್ನೆ ಕೇಳಿದವರು: 28 ಮಿಲಿಮೀಟರ್ ಬಂತು.

ಉತ್ತರ: 40 ಬರಬೇಕಿತ್ತು. ನೀವು ಎ3 ಹಾಳೆಗೆ ಬರೆದು, ಪಿಡಿಎಫ್ ಮಾಡುವಾಗ ಎ4 ಆಗಿದೆ. ಎ3 ಅನ್ನು ಎ4ಗೆ ಕುಗ್ಗಿಸಿದರೆ ಪ್ರತಿ ಗೆರೆಯೂ ಸುಮಾರು 71 ಪರ್ಸೆಂಟ್ ಆಗುತ್ತೆ. ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ತೆಗೆದು ಎ3ಯಲ್ಲೇ ಸೇವ್ ಮಾಡಿ. ಹಾಳೆಯ ಮೂಲೆಯಲ್ಲಿ 1:100, ಎ3 ಅಂತ ಎರಡನ್ನೂ ಬರೆಯಿರಿ. ಪಕ್ಕದಲ್ಲಿ 5 ಮೀಟರಿನ ಸ್ಕೇಲ್ ಬಾರ್ ಹಾಕಿ. ಕಳಿಸುವ ಮುಂಚೆ ಆ ಬಾರ್ ಮೇಲೆ ಇನ್ನೊಮ್ಮೆ ಸ್ಕೇಲ್ ಇಡಿ, 50 ಮಿಲಿಮೀಟರ್ ಬರಬೇಕು. ಬಂದರೆ ಕಳಿಸಿ.