‘ಅನ್‌ಸ್ಟೆಡಿ’ ಹರಿವಿಗೆ ‘ಅಸ್ಥಿರ’ ಸರಿಯಾ?

ಎಲ್ಲರಿಗೂ ನಮಸ್ಕಾರ.

ಡಿಗ್ರಿ ವಿದ್ಯಾರ್ಥಿಗಳಿಗಾಗಿ ಶಾಕ್ ಟ್ಯೂಬ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಶಾಕ್ ವೇವ್‌ಗೆ (ಒತ್ತಡ ಒಮ್ಮೆಲೇ ಏರುವ, ಶಬ್ದಕ್ಕಿಂತ ವೇಗದ ಅಲೆ) ‘ಆಘಾತ ತರಂಗ’ ಆಗಲೇ ಬಳಕೆಯಲ್ಲಿದೆ, ಅದರಲ್ಲಿ ತಕರಾರಿಲ್ಲ. ತೊಡಕು ‘ಅನ್‌ಸ್ಟೆಡಿ ಫ್ಲೋ’ದು, ಅಂದರೆ ಒಂದೇ ಜಾಗದಲ್ಲಿ ನೋಡಿದರೂ ಹೊತ್ತಿನಿಂದ ಹೊತ್ತಿಗೆ ಬದಲಾಗುವ ಹರಿವಿನದು. ‘ಅನ್‌ಸ್ಟೇಬಲ್’ ಬೇರೆ, ಅದು ಸಣ್ಣ ಕದಲಿಕೆಯೂ ಬೆಳೆದು ಹದ ತಪ್ಪುವ ಹರಿವು. ಇದಕ್ಕೂ ‘ಅಸ್ಥಿರ ಹರಿವು’, ‘ಅನ್‌ಸ್ಟೇಬಲ್ ಫ್ಲೋ’ಗೂ ‘ಅಸ್ಥಿರ ಹರಿವು’ ಅಂದರೆ ಓದುವವರ ಗತಿ?

ಶಾಕ್ ಟ್ಯೂಬ್ ಅಂದರೆ ಒಂದು ಉದ್ದ ಕೊಳವೆ. ಅದರ ಒಂದು ಕಡೆ ಜಾಸ್ತಿ ಒತ್ತಡದ ಅನಿಲ, ಇನ್ನೊಂದು ಕಡೆ ಕಡಿಮೆ ಒತ್ತಡದ್ದು, ನಡುವೆ ತೆಳು ಪರದೆ. ಪರದೆ ಹರಿದ ಕೂಡಲೇ ಕಡಿಮೆ ಒತ್ತಡದ ಕಡೆಗೆ ಆಘಾತ ತರಂಗ ನುಗ್ಗುತ್ತದೆ. ಅದು ಬರುವ ತನಕ ಗೋಡೆಯಲ್ಲಿರುವ, ಒತ್ತಡ ಅಳೆಯುವ ಸೆನ್ಸರ್ ಸುಮ್ನೆ ಇರುತ್ತದೆ. ಬಂದದ್ದೇ ತಡ, ಒತ್ತಡ ಒಂದೇ ನೆಗೆತಕ್ಕೆ ಏರಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ‘ಸ್ವಲ್ಪ ಹೊತ್ತು’ ಅಂದರೆ ಮಿಲಿಸೆಕೆಂಡ್‌ಗಳ ಲೆಕ್ಕ. ಹಿಂದೆಯೇ ಎರಡು ಅನಿಲಗಳ ಗಡಿ ಬರುತ್ತದೆ. ಆಗ ಒತ್ತಡ, ವೇಗ ಹಾಗೇ ಇದ್ದು ತಾಪ, ಸಾಂದ್ರತೆ ಬದಲಾಗುತ್ತವೆ. ಪಕ್ಕಾ ಅನ್‌ಸ್ಟೆಡಿ. ಹಾಗಂತ ಹದ ತಪ್ಪಿದ ಹರಿವೇನಲ್ಲ. ಅದೇ ಒತ್ತಡ ಇಟ್ಟು ಮತ್ತೆ ಮಾಡಿದರೆ ಸೆನ್ಸರ್‌ನಿಂದ ಹೆಚ್ಚೂಕಡಿಮೆ ಅದೇ ಗೆರೆ ಸಿಗುತ್ತದೆ.

ಇನ್ನೊಂದು ಮಜಾ ಇದೆ. ಹಾರುವ ಗುಂಡಿನ ಮುಂದಿನ ಆಘಾತ ತರಂಗದ ಫೋಟೊಗಳನ್ನು ಭೌತವಿಜ್ಞಾನಿಗಳಾದ ಮಾಕ್ ಮತ್ತು ಸಾಲ್ಷರ್ 1887ರಲ್ಲಿ ಪ್ರಕಟಿಸಿದರು. ನೆಲದ ಮೇಲೆ ನಿಂತವರಿಗೆ ಆ ಹರಿವು ಅನ್‌ಸ್ಟೆಡಿ. ಗುಂಡಿನ ಜೊತೆಗೇ ಸಾಗುವವರಿಗೆ ತರಂಗ ಇದ್ದಲ್ಲೇ ಇದೆ, ಹರಿವು ಸ್ಟೆಡಿ! ತರಂಗದ ಹಿಂದಿನ ಮುಂದಿನ ಒತ್ತಡ, ಸಾಂದ್ರತೆ, ವೇಗಗಳನ್ನು ಜೋಡಿಸುವ ರ‍್ಯಾಂಕಿನ್–ಹ್ಯೂಗೊನಿಯೊ ಸಮೀಕರಣಗಳನ್ನು ಹೀಗೆ ತರಂಗದ ಮೇಲೇ ಕೂತು ಬರೆದರೆ ಲೆಕ್ಕ ಎಷ್ಟೋ ಸಲೀಸು. ಅನ್‌ಸ್ಟೇಬಲ್ ಹಾಗಲ್ಲ. ಸಣ್ಣ ಕದಲಿಕೆ ಬೆಳೆಯುತ್ತಿದ್ದರೆ ಎಲ್ಲಿಂದ ನೋಡಿದರೂ ಬೆಳೆಯುತ್ತದೆ.

ನನ್ನ ಪಜೀತಿ ಶುರುವಾದದ್ದು ಎರಡೂ ಒಟ್ಟಿಗೆ ಬರುವ ಕಡೆ. ಎರಡು ಅನಿಲಗಳ ಗಡಿಗೆ ಆಘಾತ ತರಂಗ ಬಡಿದರೆ ಗಡಿಯ ಚಿಕ್ಕ ಡೊಂಕುಗಳು ದೊಡ್ಡದಾಗುತ್ತವೆ. ರಿಕ್ಟ್‌ಮೈಯರ್ 1960ರಲ್ಲಿ ಲೆಕ್ಕ ಹಾಕಿ ಹೇಳಿದ್ದನ್ನು ಮೆಶ್ಕೊವ್ 1969ರಲ್ಲಿ ಶಾಕ್ ಟ್ಯೂಬ್ ಪ್ರಯೋಗದಿಂದ ತೋರಿಸಿದರು. ಇಲ್ಲಿ ‘ಅಸ್ಥಿರ ಹರಿವಿನ ಅಸ್ಥಿರತೆ’ ಅಂತ ಬರೆದರೆ ನಗಪಾಟಲು, ಅಲ್ವಾ?

‘ಅಸ್ಥಿರ’ವನ್ನು ಅನ್‌ಸ್ಟೇಬಲ್‌ಗೆ ಬಿಟ್ಟುಕೊಡುವುದು ಒಳ್ಳೆಯದು ಅನ್ನಿಸುತ್ತದೆ. ಅನ್‌ಸ್ಟೆಡಿಗೆ ‘ಬದಲಾಗುವ ಹರಿವು’ ಸಾಲದು. ನಾಜಲ್‌ನೊಳಗಿನ (ಅಗಲ ಬದಲಾಗುವ ಕೊಳವೆಯೊಳಗಿನ) ಸ್ಟೆಡಿ ಹರಿವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ‘ಅಸ್ಥಾಯಿ’ ಅಂದರೆ ತಾತ್ಕಾಲಿಕ ಅಂತ ಕೇಳಿಸುತ್ತದೆ. ‘ಕಾಲಾವಲಂಬಿ ಹರಿವು’ ಅರ್ಥಕ್ಕೆ ಸರಿ, ಬಾಯಿಗೆ ಭಾರ. ಹೊತ್ತಿನ ಜೊತೆ ಮಾರ್ಪಡುವ ಅನ್ನುವ ಅರ್ಥದಲ್ಲಿ ‘ಹೊತ್ತುಮಾರು ಹರಿವು’ ಅಂತ ಕಟ್ಟಿ ನೋಡಿದೆ, ‘ಮಾರು’ ಅಂದರೆ ಮಾರಾಟ ಅಂದುಕೊಂಡಾರು. ಪಾಠ ಮಾಡುವವರು ತರಗತಿಯಲ್ಲಿ ಏನು ಹೇಳುತ್ತೀರಿ? ಚಿತ್ರದ ಕೆಳಗೆ ಹಿಡಿಸುವಷ್ಟು ಚಿಕ್ಕ ಪದ ಬೇಕು.