ಬಿದ್ರಿ ಶೀಲ್ಡಿಗೆ ಬಿಳಿ ಪುಡಿ: ತಾಲೀಮಿನ ಸಾಮಾನು ಪ್ರದರ್ಶನಕ್ಕ ಹ್ಯಾಂಗ ಇಡಬೇಕು?

ಕರೇಜ್_ಬೀದರ
ಬೀದರದ ಹಳೇ ತಾಲೀಮೊಂದರ (ಗರಡಿಮನಿ) ಸಾಮಾನು 2 ಖೋಲಿಯೊಳಗ ಜೋಡಿಸಿ ಸಣ್ಣ ಕ್ರೀಡಾ ಸಂಗ್ರಹಾಲಯ ಮಾಡೋದದ. ಕುಸ್ತಿ, ಹಾಕಿ ಪಂದ್ಯಗಳ ಬಿದ್ರಿ (ಕಪ್ಪು ಲೋಹದಾಗ ಬೆಳ್ಳಿ ಎಳಿ ಕೂಡಿಸಿದ ಕಸಬು) ಶೀಲ್ಡು 5, ಒಂದು ಜೋಡಿ ಕರೇಲಾ (ತಿರುಗಿಸಿ ಕಸರತ್ತು ಮಾಡೋ ಕಟ್ಟಿಗಿ ಗದೆ), ಫ್ರೇಮ್ ಹಾಕಿದ ಫೋಟೊ 40. ಹೊಸ ಪ್ಲೈವುಡ್ ಶೋಕೇಸಿನ್ಯಾಗ ಇಟ್ಟು 2 ತಿಂಗಳಾಗಿಲ್ಲ, ಶೀಲ್ಡಿನ ಅಂಚಿಗೆ ಬಿಳಿ ಪುಡಿ ಬಂದದ. ಹುಣಸೆಹಣ್ಣು ಹಚ್ಚಿ ತಿಕ್ಕಬಹುದಾ? ಕೆಲವು ಫೋಟೊ ಗಾಜಿಗೇ ಅಂಟ್ಯಾವ. ಕರೇಲಾದ ಕೆಳಗ ದಿನಾ ಹಿಟ್ಟಿನಂಥ ಪುಡಿ ಬೀಳ್ತದ.

ಚೌಬಾರಾ_ಕಟ್ಟಿ
ಹುಣಸೆಹಣ್ಣು, ಲಿಂಬಿ, ಬ್ರಾಸೊ ಪಾಲಿಶ್ ಯಾವುದೂ ಮುಟ್ಟಿಸಬ್ಯಾಡ್ರಿ. ಬಿದ್ರಿ ಅಂದ್ರ ಹೆಚ್ಚಿನ ಪಾಲು ಸತುವು. ಸುಮಾರು 16 ಪಾಲಿಗೆ 1 ಪಾಲು ತಾಮ್ರ. ಆ ಕಪ್ಪು ಪೇಂಟ್ ಅಲ್ಲ. ಬೀದರ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಬಿಸಿ ಲೋಹಕ್ಕ ತಿಕ್ಕಿದಾಗ ಹುಟ್ಟೋ ತೆಳು ಪದರ ಅದು. ಹುಳಿ ತಾಗಿದರ ಕರಗಿ ಬೂದು ಸತುವು ಕಾಣ್ತದ, ಆಮ್ಯಾಲೆ ಬೆಳ್ಳಿ ಎಳಿ ಎಲ್ಲಿ ಅದ ಅಂತ ಹುಡುಕಬೇಕಾಗ್ತದ.

ತಪ್ಪು ಶೋಕೇಸಿಂದು. ಹೊಸ ಪ್ಲೈವುಡ್ಡು, ಅದರ ಅಂಟು, ವಾರ್ನಿಷ್ಷು ಆಮ್ಲದ ಆವಿ ಬಿಡ್ತಾವ. ಮಳೆಗಾಲದ ತೇವ ಕೂಡಿದರ ಸತುವಿಗೆ ತುಕ್ಕು ಹಿಡೀತದ, ಸತುವಿನ ತುಕ್ಕು ಬಿಳೀನೇ ಇರ್ತದ. ಇವತ್ತೇ ಹೊರಗ ತೆಗೀರಿ. ಒಣಗಿದ ಮೆತ್ತನ ಬ್ರಶ್‌ನಿಂದ ಪುಡಿ ಉದುರಿಸ್ರಿ. ಹಳೇ ಹತ್ತಿ ಬಟ್ಟಿಗೆ 2 ಹನಿ ಕೊಬ್ಬರಿ ಎಣ್ಣಿ ಹಾಕಿ ಒರೆಸಿ, ಇನ್ನೊಂದು ಒಣ ಬಟ್ಟಿಲೆ ಎಣ್ಣಿ ಪೂರ್ತಿ ತೆಗೀರಿ. ಉಳಿದರ ಧೂಳು ಹಿಡೀತದ. ಇಡೋದಕ್ಕ ಗಾಜು ಮತ್ತು ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಕಪಾಟು ಛಲೋ. ಕಪ್ಪು ಆಗಲೇ ಹೋಗಿದ್ರ ಬಿದ್ರಿ ಕಸಬುದಾರರಿಗೇ ತೋರಿಸ್ರಿ, ಕೊಡೋಕಿಂತ ಮುಂಚೆ ಎಲ್ಲಾ ಕಡೆಯಿಂದ ಫೋಟೊ ತಕ್ಕೊಳ್ರಿ.

ಆಳಂದ_ನಾಕಾ
ಗಾಜಿಗೆ ಅಂಟಿದ ಫೋಟೊ ಕೀಳಬೇಡಿ. ಫೋಟೊದ ಮೇಲಿನ ಜೆಲಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಕೂತಿರುತ್ತದೆ. ಎಳೆದರೆ ಪೈಲ್ವಾನರ ಮುಖ ಗಾಜಿನ ಮೇಲೆ, ಬರೀ ಕಾಗದ ಕೈಯಲ್ಲಿ. ಗಾಜಿನ ಸಮೇತ ಹಾಗೇ ಮೇಲಿಂದ ಫೋಟೊ ತೆಗೆದು, ಗೋಡೆಗೆ ಅದರ ಪ್ರತಿ ಹಾಕಿ. ಅಂಟದೆ ಉಳಿದವಕ್ಕೆ ಆಮ್ಲರಹಿತ ರಟ್ಟಿನ ಚೌಕಟ್ಟು ಇಟ್ಟು ಗಾಜಿನಿಂದ ದೂರ ಮಾಡಿ. ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ, ಮತ್ತೆ ಬಿಡಿಸಲಾಗದು.

ಕರೇಲಾ ಕೆಳಗೆ ಕಪ್ಪು ಕಾಗದ ಹಾಸಿ. ಒರೆಸಿದ ಮೇಲೂ ಹೊಸ ಪುಡಿ ಬಿದ್ದರೆ ಕಟ್ಟಿಗೆ ಕೊರೆಯುವ ಹುಳ ಒಳಗೆ ಜೀವಂತ ಇದೆ. ದಪ್ಪ ಪಾಲಿಥೀನ್‌ನಲ್ಲಿ ಗಾಳಿ ತೆಗೆದು ಸುತ್ತಿ, ಟೇಪ್ ಹಚ್ಚಿ, -20 ಡಿಗ್ರಿಯಲ್ಲಿ 2 ವಾರ ಇಡಿ. ಸೀಮೆಎಣ್ಣೆ ಹಚ್ಚಿದರೆ ಕಲೆ, ವಾಸನೆ, ಬೆಂಕಿಯ ಭಯ.

ಕರೇಜ್_ಬೀದರ
ಐಸ್‌ಕ್ರೀಂ ಅಂಗಡಿ ಡೀಪ್ ಫ್ರೀಜರ್ ನಡೀತದೇನ್ರಿ?

ಆಳಂದ_ನಾಕಾ
ನಡೆಯುತ್ತದೆ, ಒಳಗೆ ಥರ್ಮಾಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ದಪ್ಪ ಕಟ್ಟಿಗೆಯ ನಡುವಿಗೆ ಚಳಿ ನಿಧಾನ ಇಳಿಯುತ್ತದೆ, ಅದಕ್ಕೇ 2 ವಾರ. ಹೊರಗೆ ತೆಗೆದ ಮೇಲೆ 24 ಗಂಟೆ ಸುತ್ತಿದ್ದು ಬಿಚ್ಚಬೇಡಿ; ಇಲ್ಲದಿದ್ದರೆ ತಣ್ಣಗಿನ ಕಟ್ಟಿಗೆ ಮೇಲೆ ನೀರು ಕೂತು ಬಿರುಕು ಬಿಡುತ್ತದೆ. ಪ್ಯಾಕೆಟ್ಟಿನ ಹೊರಗೆ ಚೀಟಿ ಕಟ್ಟಿ, ಯಾವ ಕರೇಲಾ, ಎಂದು ಒಳಗಿಟ್ಟಿದ್ದು, ಎಂದು ತೆಗೆಯಬೇಕು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.